ಕಪ್ಪು ಕಾರಿಗೆ ಪಾಲಿಶ್ ಬೇಕಾ, ವ್ಯಾಕ್ಸ್ ಸಾಕಾ?

ಬಿಸಿಲಲ್ಲಿ ಬಾನೆಟ್ ತುಂಬಾ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ. ಮನೆಯಲ್ಲೇ ವ್ಯಾಕ್ಸ್ ಹಚ್ಚಿದರೆ ಹೋಗುತ್ತವಾ?

ಉತ್ತರ 1: ಇಲ್ಲ. ವ್ಯಾಕ್ಸ್ ಮೇಲೆ ಕೂತು ಬಣ್ಣ ಕಾಪಾಡುತ್ತದೆ, ಅಷ್ಟೇ. ಗೀರು ತೆಗೆಯುವುದು ಪಾಲಿಶ್, ಅದು ಬಣ್ಣದ ಮೇಲಿರುವ ಪಾರದರ್ಶಕ ಪದರವಾದ ಕ್ಲಿಯರ್‌ಕೋಟನ್ನು ತುಸು ಸವೆಸುತ್ತದೆ, ಹಾಗಾಗಿ ತೊಳೆದು ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ತುಂಡು) ಉಜ್ಜಿದ ಮೇಲೆ ಮೊದಲು ನಯವಾದ ಫಿನಿಶಿಂಗ್ ಪಾಲಿಶನ್ನು ಒಂದು ಸಣ್ಣ ಜಾಗದಲ್ಲಿ ಹಾಕಿ ನೋಡಿ, ಸಾಲದಿದ್ದರೆ ಮಾತ್ರ ಕಾಂಪೌಂಡ್, ಅಂದರೆ ಇನ್ನೂ ಹೆಚ್ಚು ಸವೆಸುವ ಒರಟು ಪಾಲಿಶ್. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಸುಮ್ನೆ ಬಿಟ್ಟುಬಿಡಿ.

ಉತ್ತರ 2: ಕಪ್ಪಿಗೆ ಕಾರ್ನೌಬಾ ವ್ಯಾಕ್ಸ್ (ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ) ಹೊಳಪು ನನಗೆ ತುಂಬಾ ಇಷ್ಟ. ಆದರೆ ಬಾಳಿಕೆ ಬೇಕಿದ್ದರೆ ವ್ಯಾಕ್ಸ್ ಬದಲು ಹಚ್ಚುವ ಕೃತಕ ರಕ್ಷಕ ಲೇಪನವಾದ ಸಿಂಥೆಟಿಕ್ ಸೀಲೆಂಟೇ ಜಾಸ್ತಿ ದಿನ ಬರುತ್ತದೆ. ಯಾವುದಾದರೂ ನೆರಳಲ್ಲಿ, ತೆಳುವಾಗಿ ಹಚ್ಚಿ.

ಉತ್ತರ 3: ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮೊದಲೇ ಟೇಪ್ ಅಂಟಿಸಿ, ವ್ಯಾಕ್ಸ್ ತಗುಲಿದರೆ ಬಿಳಿ ಕಲೆ ಉಳಿಯುತ್ತದೆ.