ಡಿವಿಡಿ ಬರೆಯುವಾಗ ಡಿವೈಸ್ ಬಫರ್ ಏರಿಳಿಯುತ್ತಿದೆ, ಯಾಕಿರಬಹುದು?

ಕ್ಯಾಸೆಟ್ ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಹಳೇ ಕ್ಯಾಸೆಟ್‌ಗಳನ್ನು ವೇವ್ ಫೈಲ್ ಮಾಡಿ ಡಿವಿಡಿಗೆ ಹಾಕುತ್ತಿದ್ದೇನೆ. 60 ನಿಮಿಷದ ಕ್ಯಾಸೆಟ್‌ಗೆ ಸುಮಾರು 630 ಎಂಬಿ, ಒಂದು ಡಿಸ್ಕಿಗೆ ಏಳು ಹಿಡಿಯುತ್ತದೆ. ಯುಎಸ್‌ಬಿ ರೈಟರ್, ಡಿಸ್ಕ್ ಬರೆಯುವ ಇಮ್ಜ್‌ಬರ್ನ್ ತಂತ್ರಾಂಶ, ವೇಗ 8ಎಕ್ಸ್. ಮೊದಲೆಲ್ಲ ಹನ್ನೊಂದು ನಿಮಿಷದಲ್ಲಿ ಮುಗಿಯುತ್ತಿತ್ತು, ಈ ವಾರ ಇಪ್ಪತ್ತು ದಾಟುತ್ತಿದೆ. ಪರದೆಯಲ್ಲಿ ಎರಡು ಬಫರ್ (ಬರೆಯುವ ಮುನ್ನ ಡೇಟಾ ಕಾಯುವ ಜಾಗ) ಎಷ್ಟು ಶೇಕಡಾ ತುಂಬಿವೆ ಅಂತ ಕಾಣುತ್ತದೆ. ಮೇಲಿನ ಬಫರ್ 100ರಲ್ಲೇ ನಿಂತಿರುತ್ತದೆ, ಕೆಳಗಿನ ಡಿವೈಸ್ ಬಫರ್ ಮಾತ್ರ 95ರಿಂದ ಸರ್ರನೆ 10ಕ್ಕೆ ಇಳಿದು ಮತ್ತೆ ಹತ್ತುತ್ತದೆ. ಇಳಿದಾಗಲೆಲ್ಲ ಡ್ರೈವ್ ಗುಂಯ್ ಅನ್ನುವುದು ನಿಲ್ಲುತ್ತದೆ, ಆಮೇಲೆ ಮತ್ತೆ ಶುರು. ಡ್ರೈವ್ ಹೋಯ್ತಾ? ಈ ಕ್ಯಾಸೆಟ್‌ಗಳಿಗೆ ಬೇರೆ ಪ್ರತಿ ಇಲ್ಲ, ಅದಕ್ಕೇ ಭಯ.

ಹಳೇ ಮೆಕ್ಯಾನಿಕ್:
ಗಾಬರಿ ಬೇಡ, ಡ್ರೈವ್ ಮೇಲೆ ಈಗಲೇ ಅನುಮಾನ ಪಡಬೇಡಿ. ಮನೆಯ ಸಂಪು ಮತ್ತು ಮೇಲಿನ ಟ್ಯಾಂಕ್ ನೆನೆಸಿಕೊಳ್ಳಿ. ಮೇಲಿನ ಬಫರ್ ನಿಮ್ಮ ಲ್ಯಾಪ್‌ಟಾಪಿನ ಮೆಮೊರಿಯಲ್ಲಿದೆ, ಅದು ಸಂಪು. ಡಿವೈಸ್ ಬಫರ್ ರೈಟರ್ ಒಳಗಿದೆ, ಅದು ಟ್ಯಾಂಕ್. ಸಂಪು ತುಂಬಿದೆ, ಟ್ಯಾಂಕ್ ಖಾಲಿಯಾಗುತ್ತಿದೆ ಅಂದರೆ ತೊಂದರೆ ನಡುವಿನ ಪೈಪಿನಲ್ಲಿ ಅಲ್ವಾ? ಅಂದರೆ ಕೇಬಲ್, ಪೋರ್ಟ್, ಅಥವಾ ಒಂದೇ ಪೋರ್ಟನ್ನು ಹಲವು ಮಾಡುವ ಹಬ್. ಸಂಪೇ ಖಾಲಿಯಾಗಿದ್ದರೆ ನಿಮ್ಮ ಹಾರ್ಡ್ ಡಿಸ್ಕ್ ನೋಡಿ ಅನ್ನುತ್ತಿದ್ದೆ. ರೈಟರ್ ಯಾವುದಕ್ಕೆ ಚುಚ್ಚಿದ್ದೀರಿ, ಅದರ ಜೊತೆ ಇನ್ನೇನಿದೆ ಹೇಳಿ.

ಎಕ್ಸ್‌ಪಿ ಕಾಲದವಳು:
ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ನನಗೂ ಥೇಟ್ ಹೀಗೇ ಆಗಿತ್ತು. ಡ್ರೈವ್ ಸೇರಿಸುತ್ತಿದ್ದ ಐಡಿಇ ಚಾನೆಲ್‌ನಲ್ಲಿ ಆರು ಸಲ ಎರರ್ ಆದರೆ ವಿಂಡೋಸ್ ವೇಗದ ಡಿಎಂಎ ಬಿಟ್ಟು ನಿಧಾನದ ಪಿಐಒ ವಿಧಾನಕ್ಕೆ ಇಳಿಸಿಬಿಡುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಚಾನೆಲ್ ತೆಗೆದು ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು. ನಿಮ್ಮದು ಯುಎಸ್‌ಬಿ, ಆ ಕಥೆ ಬೇರೆ. ಒಂದು ಮಾತು ಮಾತ್ರ: ಶುರುವಿನಲ್ಲಿ ಮತ್ತು ಕೊನೆಯಲ್ಲಿ ಡಿವೈಸ್ ಬಫರ್ ಇಳಿದರೆ ಚಿಂತೆ ಬೇಡ, ಡ್ರೈವ್ ಆಗ ಲೇಸರ್ ಹೊಂದಿಸಿಕೊಳ್ಳುತ್ತದೆ, ಡಿಸ್ಕ್ ಮುಚ್ಚುತ್ತದೆ. ನಡುವೆ ಪದೇ ಪದೇ ಇಳಿದರೆ ಮಾತ್ರ ಹುಡುಕಬೇಕು.

ಕ್ಯಾಸೆಟ್ ಪೆಟ್ಟಿಗೆ:
ಹೌದು, ಒಂದು ಹಬ್ ಇದೆ. ಅದಕ್ಕೇ ಬ್ಯಾಕಪ್ ಹಾರ್ಡ್ ಡಿಸ್ಕನ್ನೂ ಚುಚ್ಚಿದ್ದೇನೆ. ಈ ವಾರ ಕ್ಯಾಸೆಟ್ ಫೈಲ್‌ಗಳನ್ನು ಅದಕ್ಕೆ ಕಾಪಿ ಮಾಡುತ್ತಾ ಜೊತೆಗೇ ಡಿವಿಡಿ ಬರೆಯುತ್ತಿದ್ದೆ. ಇಮ್ಜ್‌ಬರ್ನ್ ಬರೆದಿಡುವ ಲಾಗ್‌ನಲ್ಲಿ ಬಫರ್ ತುಂಬಲು ಕಾಯುತ್ತಿದ್ದೇನೆ ಅನ್ನುವ ಸಾಲು ಒಂದರ ಕೆಳಗೊಂದು ಇದೆ.

ಹಳೇ ಮೆಕ್ಯಾನಿಕ್:
ಸಿಕ್ತು ನೋಡಿ. 8ಎಕ್ಸ್‌ಗೆ ಸೆಕೆಂಡಿಗೆ ಸುಮಾರು 11 ಎಂಬಿ ಬೇಕು. ಯುಎಸ್‌ಬಿ 2.0 ಪೈಪಿನಲ್ಲಿ ನಿಜವಾಗಿ ಹರಿಯುವುದು ಸೆಕೆಂಡಿಗೆ 30ರಿಂದ 35 ಎಂಬಿ, ಹಬ್ಬಿನಲ್ಲಿ ಅದನ್ನೇ ಇಬ್ಬರೂ ಹಂಚಿಕೊಳ್ಳಬೇಕು. ಕಾಪಿ ಜೋರಾದಾಗ ರೈಟರ್ ಸಾಲಿನಲ್ಲಿ ಕಾಯುತ್ತದೆ. ಒಳಗಿನ ಬಫರ್ ಎಷ್ಟೋ ಡ್ರೈವ್‌ಗಳಲ್ಲಿ 2 ಎಂಬಿ ಅಷ್ಟೇ, ಆ ವೇಗದಲ್ಲಿ ಸೆಕೆಂಡಿನ ಐದನೇ ಒಂದು ಪಾಲಿಗೇ ಖಾಲಿ! ಈಗಿನ ಡ್ರೈವ್‌ಗಳು ಅಲ್ಲೇ ಲೇಸರ್ ನಿಲ್ಲಿಸಿ, ಡೇಟಾ ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತವೆ, ಅದಕ್ಕೇ ಡಿಸ್ಕ್ ಹಾಳಾಗದೆ ಸಮಯ ಮಾತ್ರ ಎಳೆಯಿತು. ನೂರಾರು ಕಡೆ ನಿಂತು ಬರೆದ ಡಿಸ್ಕನ್ನು ನಾನಾದರೆ ಉಳಿಸಿಕೊಳ್ಳುವ ಪ್ರತಿ ಅಂತ ಇಟ್ಟುಕೊಳ್ಳುವುದಿಲ್ಲ. ರೈಟರನ್ನು ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ಕಾಪಿ ಮುಗಿಯಲಿ. ಬರೆದದ್ದನ್ನು ಓದಿ ತಾಳೆ ನೋಡುವ ವೆರಿಫೈ ಟಿಕ್ ಮಾಡಿ.

ಕ್ಯಾಸೆಟ್ ಪೆಟ್ಟಿಗೆ:
ಮಾಡಿದೆ. ಹನ್ನೊಂದು ನಿಮಿಷ. ಡಿವೈಸ್ ಬಫರ್ 96ರ ಆಚೀಚೆ ನಿಂತಿತ್ತು, ಕೊನೆಯಲ್ಲಿ ಮಾತ್ರ ಇಳಿಯಿತು. ಗುಂಯ್ ಶಬ್ದ ಒಂದು ಸಲವೂ ನಿಲ್ಲಲಿಲ್ಲ, ಬಾಗಿಲ ಬಳಿ ನಿಂತು ಅದನ್ನೇ ಕೇಳುತ್ತಿದ್ದೆ. ವೆರಿಫೈ ಕೂಡ ಪಾಸ್. ಈ ವಾರ ಬರೆದ ನಾಲ್ಕನ್ನೂ ಓದಿಸಿ ನೋಡಿದೆ, ಮೂರು ಸರಿ ಇವೆ, ಒಂದು ಅರ್ಧದಲ್ಲಿ ತಡವರಿಸಿತು. ನಾಲ್ಕನ್ನೂ ಮತ್ತೆ ಬರೆಯುತ್ತೇನೆ. ತಡವರಿಸಿದ್ದರಲ್ಲಿ ಅಪ್ಪನ ಭೀಷ್ಮ ಇತ್ತು, ಅದೇ ಮೊದಲು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.