ಮಿನಿ ಟ್ರಾಕ್ಟರ್ ಲೋಡರಿಗೆ ಕರೆಂಟಿನ ಗ್ರ್ಯಾಪಲ್: ತೋಟದ ಕೆಲಸಕ್ಕೆ ಆಗುತ್ತದಾ, ಹೈಡ್ರಾಲಿಕ್ಕೇ ಬೇಕಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಫಿ ತೋಟ, ನೆರಳಿಗೆ ಹೆಚ್ಚಿನದು ಸಿಲ್ವರ್ ಓಕ್ ಮರ, ಅದಕ್ಕೆ ಮೆಣಸಿನ ಬಳ್ಳಿ. 27 ಎಚ್‌ಪಿಯ ಫೋರ್ ವೀಲ್ ಮಿನಿ ಟ್ರಾಕ್ಟರಿಗೆ ಹೋದ ವರ್ಷ ವರ್ಕ್‌ಶಾಪಿನಲ್ಲಿ ಮುಂದೆ ಲೋಡರ್ ಕಟ್ಟಿಸಿದೆ. ಲಿವರ್ ಎರಡೇ, ಒಂದು ಎತ್ತಲು, ಇನ್ನೊಂದು ಬಕೆಟ್ ಮಗುಚಲು. ಗೊಬ್ಬರ, ಮಣ್ಣಿಗೆ ಯಾವ ತಕರಾರೂ ಇಲ್ಲ. ಕಷ್ಟ ಬರುವುದು ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದಮೇಲೆ, ಮತ್ತೆ ಆಷಾಢದ ಗಾಳಿಗೆ ಮರ ಉರುಳಿದಾಗ. ಕೊಂಬೆಗಳನ್ನು ಬಕೆಟ್ಟಿಗೆ ಹೇರಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಜಾರಿ ಗಿಡದ ಮೇಲೆ ಬೀಳುತ್ತವೆ.

ಬಕೆಟ್ ಬಿಚ್ಚಿ, ಕೆಳಗೆ ಉದ್ದ ಹಲ್ಲು, ಮೇಲಿಂದ ಒತ್ತಿ ಹಿಡಿಯುವ ಇಕ್ಕಳ ಇರುವ ಗ್ರ್ಯಾಪಲ್ ಹಾಕಿಸಬೇಕೆಂದಿದ್ದೇನೆ. ಇಕ್ಕಳಕ್ಕೆ ಹೈಡ್ರಾಲಿಕ್ ಜಾಕ್ ಬದಲು 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ (ಮೋಟರ್ ಸ್ಕ್ರೂ ತಿರುಗಿಸಿ ರಾಡನ್ನು ನೇರ ತಳ್ಳುವ, ಎಳೆಯುವ ಸಾಧನ) ಹಾಕಿದರೆ ಬ್ಯಾಟರಿಯಿಂದ ವಯರ್ ಎಳೆದು ಸ್ವಿಚ್ ಕೊಟ್ಟರೆ ಸಾಕು, ಆಯಿಲ್ ಲೈನ್ ಮುಟ್ಟುವುದೇ ಬೇಡ ಅನ್ನುತ್ತಾರೆ. ನಮ್ಮ ಮಳೆಗೆ, ನಮ್ಮ ಇಳಿಜಾರಿಗೆ ಇದು ನಡೆಯುತ್ತದಾ? ಬಳಸಿದವರು, ಮಾಡಿಕೊಟ್ಟವರು ಹೇಳಿ.

ಹಾಸನ ಫ್ಯಾಬ್ರಿಕೇಟರ್:
ಸರ್, ನಾನು ಲೋಡರ್ ಕಟ್ಟುವವನು, ನೇರ ಹೇಳ್ತೀನಿ. ಹೈಡ್ರಾಲಿಕ್ಕೇ ಮಾಡ್ಸಿ. ಲೆಕ್ಕ ನೋಡಿ. 50 ಎಂಎಂ ಬೋರಿನ (ಒಳ ವ್ಯಾಸದ) ಜಾಕಿಗೆ 150 ಬಾರ್ ಪ್ರೆಶರ್ ಕೊಟ್ರೆ ರಾಡಿನಲ್ಲಿ ಹತ್ತಿರ ಹತ್ತಿರ 3 ಟನ್ ತಳ್ಳು ಬರುತ್ತೆ. ಪಂಪ್ ನಿಮಿಷಕ್ಕೆ 20 ಲೀಟರ್ ಕೊಟ್ರೆ 25 ಸೆಂ.ಮೀ. ಸ್ಟ್ರೋಕ್, ಅಂದ್ರೆ ರಾಡ್ ಚಾಚೋ ದೂರ, ಒಂದೂವರೆ ಸೆಕೆಂಡಿಗೆ ಮುಗೀತು. ಆಕ್ಚುಯೇಟರಿನಲ್ಲಿ ಸಾಮಾನ್ಯವಾಗಿ ಸಿಗೋದು 450 ಕೆಜಿ ತಳ್ಳೋದು, ಅದಕ್ಕೆ ಅದೇ ಸ್ಟ್ರೋಕಿಗೆ ಹತ್ತು ಸೆಕೆಂಡ್ ಹತ್ತಿರ ಬೇಕು. ಅಲ್ಲಿಗೂ ಮುಗೀಲಿಲ್ಲ. ಇಕ್ಕಳದ ಪಿನ್ನಿಂದ ಆಕ್ಚುಯೇಟರ್ ಕಟ್ಟಿದ ಜಾಗ 20 ಸೆಂ.ಮೀ., ಇಕ್ಕಳದ ತುದಿ 75 ಸೆಂ.ಮೀ. ದೂರ ಇದ್ರೆ, ತುದಿಯಲ್ಲಿ ಸಿಗೋ ಹಿಡಿತ ಬರೀ 120 ಕೆಜಿ. ಜಾಕಿನಲ್ಲಿ ಅದೇ ಅಳತೆಗೆ 800 ಕೆಜಿ.

ಕಾಡಿನ ಕೆಲಸಕ್ಕೆ 120 ಕೆಜಿ ಹಿಡಿತ ಏನಕ್ಕೂ ಸಾಲಲ್ಲ.

ಆಶ್‌ವಿಲ್ ಕನ್ನಡಿಗ:
ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಗುಡ್ಡದ ಕಡೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಈ ಭಾಗದಲ್ಲಿ ಬಿದ್ದ ಮರಗಳಿಗೆ ಲೆಕ್ಕವಿಲ್ಲ. ನನ್ನ ಹತ್ತಿರ ಜಾನ್ ಡಿಯರ್ 1025ಆರ್ ಇದೆ, ನಿಮ್ಮದಕ್ಕಿಂತ ಚಿಕ್ಕದು. ಮುಂದೆ ಫೋರ್ಕ್, ಮೇಲೆ ಆಕ್ಚುಯೇಟರಿನ ಇಕ್ಕಳ. ಬಿದ್ದ ಓಕ್ ಮರದ ಕೊಂಬೆ, ಕೊಯ್ದ ತುಂಡು ಎಲ್ಲವನ್ನೂ ಅದರಲ್ಲೇ ರಸ್ತೆ ಬದಿಗೆ ಸಾಗಿಸಿದೆ.

ಹಾಸನದ ಅಣ್ಣನ ಲೆಕ್ಕ ಸರಿ, ಆದರೆ ಅದು ಎಲ್ಲ ಗ್ರ್ಯಾಪಲ್‌ಗೂ ಹೊಂದುವುದಿಲ್ಲ. ದಿಮ್ಮಿಯ ಭಾರ ಹೊರುವುದು ಕೆಳಗಿನ ಹಲ್ಲು. ಇಕ್ಕಳದ ಕೆಲಸ ಅದು ಉರುಳದಂತೆ ಮೇಲಿಂದ ಒತ್ತಿಕೊಂಡಿರುವುದು ಅಷ್ಟೇ. ಅದಕ್ಕೆ 120 ಕೆಜಿ ಧಾರಾಳ ಸಾಕು. ಎರಡು ತುದಿಯಿಂದ ಚಿವುಟಿ ಹಿಡಿದು ನೇತಾಡಿಸುವ ಕ್ರೇನಿನ ಗ್ರ್ಯಾಬ್ ಆದರೆ ಮಾತ್ರ ನೀವು ಹೇಳುವ ಟನ್ ಲೆಕ್ಕ ಬೇಕು.

ಇನ್ನೊಂದು ಗುಣ: ಟ್ರೆಪಿಜಾಯ್ಡ್ ಥ್ರೆಡ್ಡಿನ ಸ್ಕ್ರೂ ಇರುವ ಆಕ್ಚುಯೇಟರ್ ಕರೆಂಟ್ ನಿಂತರೂ ತನ್ನಷ್ಟಕ್ಕೆ ಲಾಕ್ ಆಗಿರುತ್ತದೆ. ಹಿಡಿದದ್ದು ಬಿಡುವುದಿಲ್ಲ. ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಹಗುರಾಗಿ ತಿರುಗುವ ಸ್ಕ್ರೂ) ಆದರೆ ಒಳಗೆ ಬ್ರೇಕ್ ಇದೆಯಾ ಕೇಳಿ ತೆಗೆದುಕೊಳ್ಳಿ.

ಹಾಸನ ಫ್ಯಾಬ್ರಿಕೇಟರ್:
ಒಪ್ಪಿದೆ, ಹಲ್ಲು ಭಾರ ಹೊರುತ್ತೆ. ಆದ್ರೆ ನಿಮ್ಮ ಕಡೆ ಕರೆಂಟಿಂದು ಯಾಕೆ ಬಂತು ಅದನ್ನೂ ಹೇಳಿ ಸರ್. ಅಲ್ಲಿ ಚಿಕ್ಕ ಟ್ರಾಕ್ಟರಿಗೆ ಲೋಡರ್ ಕಂಪನಿಯಿಂದಲೇ ಬರುತ್ತೆ, ಜಾಯ್‌ಸ್ಟಿಕ್ ವಾಲ್ವಿನಲ್ಲಿ ಎರಡೇ ಲೈನ್. ಮೂರನೇ ಲೈನ್ ಬೇಕಂದ್ರೆ ಬೇರೆ ಕಿಟ್ ತಗೊಂಡು ಬಿಚ್ಚಿ ಜೋಡಿಸ್ಬೇಕು. ನಮ್ಮಲ್ಲಿ ವಾಲ್ವ್ ಹಾಕೋದೇ ನಾವು. ಕಟ್ಟುವಾಗಲೇ ಎರಡು ಲಿವರ್ ಬದಲು ಮೂರು ಲಿವರ್ ವಾಲ್ವ್ ಹಾಕಿದ್ರೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಹೊಸದಾಗಿ ಲೋಡರ್ ಮಾಡಿಸೋರು ಯಾರಾದ್ರೂ ಇದನ್ನ ಓದ್ತಿದ್ರೆ ಈಗ್ಲೇ ಮೂರು ಲಿವರ್ ಕೇಳಿ. ಗ್ರ್ಯಾಪಲ್ ಆಮೇಲೆ ಹಾಕ್ಸಿದ್ರೂ ಆಗುತ್ತೆ.

ಆಶ್‌ವಿಲ್ ಕನ್ನಡಿಗ:
ಅದು ನಿಜ. ಇಲ್ಲಿ ನಾನು ಕರೆಂಟಿಂದು ತೆಗೆದುಕೊಂಡದ್ದೇ ಆ ಕಾರಣಕ್ಕೆ. ಹೊಸದಾಗಿ ಕಟ್ಟಿಸುವವರಿಗೆ ನಾನೂ ಮೂರು ಲಿವರೇ ಅನ್ನುತ್ತೇನೆ. ಆದರೆ ಮೂಡಿಗೆರೆಯವರ ಲೋಡರ್ ಆಗಲೇ ಎರಡು ಲಿವರಿಂದು, ಅವರ ಪರಿಸ್ಥಿತಿ ನನ್ನದರ ಹಾಗೇ.

ಮೂಡಿಗೆರೆ ತೋಟ:
ಹೌದು, ನನ್ನದು ಮೋನೋಬ್ಲಾಕ್, ಅಂದರೆ ಒಂದೇ ತುಂಡಿನ ವಾಲ್ವ್. ಪಕ್ಕದಲ್ಲಿ ಇನ್ನೊಂದು ಸೆಕ್ಷನ್ ಸೇರಿಸಲು ಬರುವುದಿಲ್ಲ ಎಂದರು.

ಹಾಸನ ಫ್ಯಾಬ್ರಿಕೇಟರ್:
ಹಾಗಾದ್ರೆ 6 ಪೋರ್ಟಿನ ಡೈವರ್ಟರ್ ವಾಲ್ವ್ ಹಾಕ್ಬಹುದು. ಬಕೆಟ್ ಮಗುಚುವ ಲೈನಿಗೆ ಕೂರಿಸೋದು. ಲಿವರ್ ಮೇಲೆ ಬಟನ್, ಒತ್ತಿ ಹಿಡಿದ್ರೆ ಆಯಿಲ್ ಗ್ರ್ಯಾಪಲ್ಲಿಗೆ, ಬಿಟ್ರೆ ಬಕೆಟ್ಟಿಗೆ. ಒಂದೇ ಕೊರತೆ, ಮಗುಚೋದು ಮುಚ್ಚೋದು ಒಟ್ಟಿಗೆ ಆಗಲ್ಲ.

ಶಿರಸಿ ಅಡಿಕೆ:
ಎಲ್ಲರೂ ಜಾಕು, ಆಕ್ಚುಯೇಟರ್ ಅಂತ ಮಾತಾಡುತ್ತಿದ್ದೀರಿ, ಇಳಿಜಾರಿನ ಮಾತು ಯಾರೂ ಎತ್ತಲಿಲ್ಲ. ಮೊದಲ ಪ್ರಶ್ನೆಯಲ್ಲೇ ಅದಿತ್ತು.

ಗ್ರ್ಯಾಪಲ್ಲಿನದೇ ಭಾರ ನೂರು ಕೆಜಿ ದಾಟುತ್ತದೆ. 30 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ ಒಂದು ತುಂಡು ಎಂದರೆ 0.21 ಘನ ಮೀಟರ್. ಹಸಿ ಮರ ಘನ ಮೀಟರಿಗೆ 900 ಕೆಜಿ ಎಂದು ಹಿಡಿದರೂ 190 ಕೆಜಿ ಆಯಿತು. ಎರಡೂ ಸೇರಿ 300 ಕೆಜಿ ಮುಂದಿನ ಆಕ್ಸೆಲ್ಲಿಗಿಂತಲೂ ಮುಂದೆ ಹೋಗಿ ಕೂತರೆ ಹಿಂದಿನ ಚಕ್ರ ಹಗುರಾಗುತ್ತದೆ. ಬಹುತೇಕ ಟ್ರಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಯುವಾಗ ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಇಲ್ಲದಿದ್ದರೆ ಬ್ರೇಕ್ ಒತ್ತಿ ಏನು ಉಪಯೋಗ? ಫೋರ್ ವೀಲ್ ಹಾಕಿಕೊಂಡಿದ್ದರೆ ಮಾತ್ರ ಗೇರಿನ ಮೂಲಕ ಮುಂದಿನ ಚಕ್ರಕ್ಕೂ ತಡೆ ಸಿಗುತ್ತದೆ.

ನಮ್ಮ ಕಡೆ ಬಿದ್ದ ಮರಕ್ಕೆ ಸರಪಳಿ ಬಿಗಿದು ಹಿಂದಿನಿಂದ ಎಳೆಯುತ್ತೇವೆ. ಸರಪಳಿಯನ್ನು ಆಕ್ಸೆಲ್ಲಿಗಿಂತ ಮೇಲೆ ಕಟ್ಟಬಾರದು, ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುತ್ತದೆ. ಅಷ್ಟು ನೋಡಿಕೊಂಡರೆ ಸರಪಳಿಗೆ ಸಮ ಯಾವುದೂ ಇಲ್ಲ. ಗ್ರ್ಯಾಪಲ್ ಬೇಕೇ ಬೇಕಾ ಎಂದು ಇನ್ನೊಮ್ಮೆ ಯೋಚಿಸಿ.

ಸಕಲೇಶಪುರ ಎಸ್ಟೇಟ್:
ಅಣ್ಣಾ, ಇಳಿಜಾರಿನ ಮಾತು ಒಪ್ಪುತ್ತೇನೆ. ಸರಪಳಿಯದು ಒಪ್ಪುವುದಿಲ್ಲ. ಸರಪಳಿ ದೊಡ್ಡ ದಿಮ್ಮಿಗೆ ಸರಿ. ಮರಗಸಿಯ ಕೊಂಬೆ ರಾಶಿಗೆ ಸರಪಳಿ ಎಲ್ಲಿ ಕಟ್ಟುತ್ತೀರಿ? ಅಡಿಕೆ ತೋಟದಲ್ಲಿ ಸಾಲಿನ ನಡುವೆ ಎಳೆಯಬಹುದು, ಕಾಫಿಯಲ್ಲಿ ಎಳೆದರೆ ದಾರಿಯುದ್ದಕ್ಕೂ ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿದುಕೊಂಡೇ ಹೋಗುತ್ತದೆ. ಒಂದು ರೊಬಸ್ಟಾ ಗಿಡ ಮತ್ತೆ ಆ ಅಳತೆಗೆ ಬರಲು ಎಷ್ಟು ವರ್ಷ ಬೇಕು ನಿಮಗೂ ಗೊತ್ತು.

ಈಗ ಆ ಕೊಂಬೆ ಹೊರುವವರು ಯಾರು ಎಂದು ನೋಡಿ. ನಮ್ಮ ತೋಟದಲ್ಲಿ ಹೆಂಗಸರೇ. ಒದ್ದೆ ಕೊಂಬೆ, ಕೆಂಪಿರುವೆ, ಜಿಗಣೆ, ರಾಶಿಯ ಅಡಿಯಲ್ಲಿ ಹಾವು. ಭುಜದ ಮೇಲೆ ಹೊತ್ತುಕೊಂಡು ಜಾರುವ ದಾರಿಯಲ್ಲಿ ಇಳಿಯಬೇಕು. ಕೊಯ್ಲಿಗೇ ಆಳು ಸಿಗದ ಕಾಲದಲ್ಲಿ ಈ ಕೆಲಸಕ್ಕೆ ಅವರನ್ನು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೊಂಬೆ ರಾಶಿಗೆ ಭಾರವೇನೂ ಇರುವುದಿಲ್ಲ, ಗಾತ್ರ ಮಾತ್ರ. ಅದಕ್ಕೆ ಕರೆಂಟಿನ ಇಕ್ಕಳ ಸರಿಯಾಗಿ ಹೊಂದುತ್ತದೆ. ದಿಮ್ಮಿಗೆ ನಿಮ್ಮ ಸರಪಳಿ ಇರಲಿ.

ಶಿರಸಿ ಅಡಿಕೆ:
ಅಕ್ಕಾ, ಹೆಂಗಸರ ಮಾತು ಹೇಳಿದಿರಲ್ಲ, ಅದಕ್ಕೆ ನನ್ನ ಎದುರು ಮಾತಿಲ್ಲ. ಕೊಂಬೆಗೆ ಮಾತ್ರ ಎಂದರೆ ನಾನೂ ಒಪ್ಪುತ್ತೇನೆ. ಆದರೆ ಗ್ರ್ಯಾಪಲ್ ಮುಂದೆ ಇದ್ದಮೇಲೆ ಡ್ರೈವರ್ ದಿಮ್ಮಿ ಎತ್ತದೆ ಬಿಡುತ್ತಾನಾ? ಹಿಂದೆ ನೇಗಿಲು ಕಟ್ಟುವ ಮೂರು ಪಾಯಿಂಟಿನ ಕೊಂಡಿಗೆ ಕಾಂಕ್ರೀಟ್ ತೂಕ ಕಟ್ಟದೆ ಈ ಗಾಡಿ ಶೆಡ್ಡಿನಿಂದ ಹೊರಗೆ ಬರಬಾರದು. ಹೊರೆ ಇದ್ದಾಗ ನೆಲದಿಂದ ಒಂದಡಿ ಮೇಲೆ ಇಟ್ಟುಕೊಂಡೇ ಹೋಗಬೇಕು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಗುಡ್ಡದ ಕಡೆಗೆ, ಅಂದರೆ ಇಳಿಯುವುದು ರಿವರ್ಸಿನಲ್ಲಿ. ಗುಡ್ಡಕ್ಕೆ ಅಡ್ಡಡ್ಡ ಓಡಿಸಲೇಬಾರದು. ನಿಮ್ಮ ಗಾಡಿಗೆ ತಲೆಯ ಮೇಲಿನ ರೋಲ್ ಬಾರ್ (ಮಗುಚಿದರೆ ಡ್ರೈವರನ್ನು ಕಾಯುವ ಕಬ್ಬಿಣದ ಕಮಾನು) ಇದೆಯಾ? ಇಲ್ಲದಿದ್ದರೆ ಮೊದಲ ದುಡ್ಡು ಅದಕ್ಕೆ, ಆಮೇಲೆ ಸೀಟ್ ಬೆಲ್ಟ್, ಗ್ರ್ಯಾಪಲ್ ಮೂರನೆಯದು.

ತೀರ್ಥಹಳ್ಳಿ ಆಟೋ ಎಲೆಕ್ಟ್ರಿಕ್:
ವಯರಿಂಗ್ ನನ್ನ ಕೆಲಸ, ಅದರ ಬಗ್ಗೆ ಬರೀತೀನಿ. "ವಯರ್ ಎಳೆದು ಸ್ವಿಚ್" ಅಂತ ಮೇಲೆ ಬರೆದಿದ್ದೀರಲ್ಲ, ಹೆಚ್ಚಿನ ಗಾಡಿ ಹಾಳಾಗೋದು ಅಲ್ಲೇ.

ಲೋಡಿನಲ್ಲಿ ಆಕ್ಚುಯೇಟರ್ 30 ಆಂಪಿಯರ್ ಎಳೀತದೆ ಅಂತಿಟ್ಕೊಳ್ಳಿ. ಬ್ಯಾಟರಿಯಿಂದ ಲೋಡರ್ ತುದಿಗೆ 4 ಮೀಟರ್, ಹೋಗಿ ಬರೋದು 8 ಮೀಟರ್. 2.5 ಚದರ ಎಂಎಂ ವಯರ್ ಹಾಕಿದ್ರೆ ದಾರೀಲೇ 1.7 ವೋಲ್ಟ್ ಹೋಯ್ತು. ಮೋಟರ್ ನಿಧಾನ, ವಯರ್ ಬಿಸಿ. 6 ಚದರ ಎಂಎಂ ಹಾಕಿದ್ರೆ ನಷ್ಟ 0.7 ವೋಲ್ಟ್. ನೂರಿನ್ನೂರು ರೂಪಾಯಿ ಉಳಿಸೋಕೆ ಹೋಗಿ ಮೋಟರ್ ಸುಟ್ಕೋಬೇಡಿ.

ಅರ್ಥಿಂಗಿಗೆ ಗಾಡಿಯ ಬಾಡಿ ನಂಬಬೇಡಿ. ಲೋಡರಿನ ಪಿನ್, ಬುಷ್ ಎಲ್ಲ ಗ್ರೀಸಿನಲ್ಲಿ ಇರ್ತವೆ, ಅದರ ಮೂಲಕ ಕರೆಂಟ್ ವಾಪಸ್ ಬರೋದು ಗ್ಯಾರಂಟಿ ಇಲ್ಲ. ಬ್ಯಾಟರಿ ನೆಗೆಟಿವ್‌ನಿಂದಲೇ ಇನ್ನೊಂದು ವಯರ್ ಎಳೀರಿ.

ಸ್ವಿಚ್ಚಿನಲ್ಲಿ 30 ಆಂಪಿಯರ್ ಹರಿಸಬೇಡಿ, ಎರಡು 5 ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚಿ ಆರಿಸೋ ಸ್ವಿಚ್) ಹಾಕಿ. ಮೋಟರಿನ ಎರಡೂ ವಯರ್ ರಿಲೇಯ 30ನೇ ಪಿನ್ನಿಗೆ, 87ಎ ನೆಗೆಟಿವ್‌ಗೆ, 87 ಪಾಸಿಟಿವ್‌ಗೆ. ಒಂದು ರಿಲೇ ಎಳೆದ್ರೆ ಮುಚ್ಚುತ್ತೆ, ಇನ್ನೊಂದು ಎಳೆದ್ರೆ ತೆರೀತದೆ, ಅಪ್ಪಿತಪ್ಪಿ ಎರಡೂ ಒಟ್ಟಿಗೆ ಎಳೆದ್ರೂ ಶಾರ್ಟ್ ಆಗಲ್ಲ. ಸ್ವಿಚ್ ಕೈ ಬಿಟ್ಟ ಕೂಡ್ಲೇ ಮಧ್ಯಕ್ಕೆ ಬರೋ ಥರದ್ದು ಇರ್ಲಿ.

ಮಳೆಗೆ ಐಪಿ 66 (ಧೂಳು, ನೀರು ತಡೆಯೋ ದರ್ಜೆ) ಅಥವಾ ಅದಕ್ಕಿಂತ ಮೇಲಿನ ಆಕ್ಚುಯೇಟರೇ ತಗೊಳ್ಳಿ. ರಾಡ್ ಕೆಳಮುಖವಾಗಿ ಬರೋ ಹಾಗೆ ಕಟ್ಟಿ, ಮೇಲ್ಮುಖ ಆದ್ರೆ ಸೀಲಿನ ಹತ್ತಿರ ನೀರು ನಿಂತು ನಿಧಾನಕ್ಕೆ ಒಳಗೆ ಇಳೀತದೆ.

ಹಾಸನ ಫ್ಯಾಬ್ರಿಕೇಟರ್:
ಕರೆಂಟಿಂದೇ ಅಂತ ತೀರ್ಮಾನ ಆದ್ರೆ ಒಂದು ವಿಷಯ ಮರೀಬೇಡಿ. ಹಿಡಿದ ಕೊಂಬೆ ಬಂಡೆಗೋ ಇನ್ನೊಂದು ಮರಕ್ಕೋ ತಗುಲಿದಾಗ ಇಕ್ಕಳ ತೆರೆಯೋಕೆ ನೋಡುತ್ತೆ. ಜಾಕ್ ಲೈನಿನಲ್ಲಿ ರಿಲೀಫ್ ವಾಲ್ವ್ ಇಟ್ರೆ ಆಯಿಲ್ ಬಿಟ್ಕೊಡುತ್ತೆ. ಸ್ಕ್ರೂ ಬಿಟ್ಕೊಡಲ್ಲ, ಹೊಡೆತ ಪೂರ್ತಿ ಅದರ ಮೇಲೇ, ರಾಡ್ ಬಗ್ಗುತ್ತೆ, ಇಲ್ಲಾ ಒಳಗಿನ ನಟ್ಟು ಹೋಗುತ್ತೆ. ಆಕ್ಚುಯೇಟರಿನ ತುದಿ ಪಿನ್ನಿಗೆ ನೇರ ಕಟ್ಟೋ ಬದಲು ಉದ್ದ ಸ್ಲಾಟ್ ಮಾಡಿ ಮಧ್ಯೆ ಗಟ್ಟಿ ಸ್ಪ್ರಿಂಗ್ ಕೊಟ್ರೆ ಹೊಡೆತ ಸ್ಪ್ರಿಂಗ್ ತಗೊಳ್ಳುತ್ತೆ. ಮುಚ್ಚಿದ ಮೇಲೂ ಸ್ಪ್ರಿಂಗ್ ಒತ್ತುತ್ತಾ ಇರೋದ್ರಿಂದ ಕೊಂಬೆ ಕುಗ್ಗಿದ್ರೂ ಹಿಡಿತ ಸಡಿಲ ಆಗಲ್ಲ. ಅಡ್ಡ ಭಾರ ಬೀಳದ ಹಾಗೆ ಇಕ್ಕಳದ ಪೈಪಿಗೆ ಅಗಲದ ಬುಷ್ ಹಾಕ್ಸಿ.

ಆಶ್‌ವಿಲ್ ಕನ್ನಡಿಗ:
ಸ್ಪ್ರಿಂಗಿನ ಮಾತಿಗೆ ನನ್ನದೂ ಒಂದು ಓಟು. ಡ್ಯೂಟಿ ಸೈಕಲ್ 25 ಶೇಕಡಾ ಎಂದು ಪ್ಲೇಟಿನ ಮೇಲೆ ಬರೆದಿದ್ದರೆ, ಒಂದು ನಿಮಿಷ ಓಡಿದರೆ ಮೂರು ನಿಮಿಷ ಬಿಡಬೇಕು ಎಂದರ್ಥ. ಕೊಂಬೆ ಸಾಗಿಸುವಾಗ ಮುಚ್ಚಲು ಹತ್ತು ಸೆಕೆಂಡ್, ಆಮೇಲೆ ಗಾಡಿ ಓಡುತ್ತಿರುತ್ತದೆ, ಹಾಗಾಗಿ ತಾನಾಗಿಯೇ ಬಿಡುವು ಸಿಗುತ್ತದೆ. ಒಂದೇ ಜಾಗದಲ್ಲಿ ನಿಂತು ಸೌದೆ ರಾಶಿ ಒಟ್ಟುತ್ತಾ ಪದೇ ಪದೇ ತೆರೆದು ಮುಚ್ಚಿದರೆ ಮೋಟರ್ ಬಿಸಿಯಾಗುತ್ತದೆ. ಬೇರು ಸಮೇತ ಗಿಡ ಕೀಳಲು ಮಾತ್ರ ಇದನ್ನು ಬಳಸಲೇಬೇಡಿ.

ಮೂಡಿಗೆರೆ ತೋಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಡಿಗೆ ರೋಲ್ ಬಾರ್ ಇದೆ, ಕೊಂಬೆ ಅಡ್ಡ ಬರುತ್ತದೆಂದು ಮಡಚಿ ಇಟ್ಟಿದ್ದೆವು. ಇನ್ನು ಮೇಲೆ ಎತ್ತಿಯೇ ಓಡಿಸುವುದು. ಕೆಲಸವನ್ನು ಮರಗಸಿ ಕೊಂಬೆಗೆ ಮಾತ್ರ ಇಟ್ಟುಕೊಂಡು ಕರೆಂಟಿನ ಇಕ್ಕಳವನ್ನೇ ಮಾಡಿಸುತ್ತೇನೆ, ಹಿಂದೆ ಕಾಂಕ್ರೀಟ್ ತೂಕ ಕಟ್ಟಿ. ದಿಮ್ಮಿಗೆ ಸರಪಳಿ. ಹಾಸನದ ಅಣ್ಣಾ, ಸ್ಲಾಟು ಸ್ಪ್ರಿಂಗಿನ ಅಳತೆ ಹಾಕಿಕೊಡುತ್ತೀರಾ? ಹಲ್ಲುಗಳ ನಡುವೆ ಎಷ್ಟು ಅಂತರ ಇಡಿಸಲಿ?

ಹಾಸನ ಫ್ಯಾಬ್ರಿಕೇಟರ್:
ಆಕ್ಚುಯೇಟರ್ ಕೈಗೆ ಬಂದ ಮೇಲೆ ಅಳತೆ ಹಾಕೋಣ ಸರ್, ಮೊದಲೇ ಸ್ಲಾಟ್ ಕೊರೆಸ್ಬೇಡಿ. ಹಲ್ಲು 20 ಸೆಂ.ಮೀ. ಅಂತರ ಇರ್ಲಿ, ಮಣ್ಣು, ತರಗು ಕೆಳಗೆ ಉದುರುತ್ತೆ, ಕೊಂಬೆ ನಿಲ್ಲುತ್ತೆ. ಹಲ್ಲಿನ ತುದಿ ಸ್ವಲ್ಪ ಮೇಲೆ ಬಾಗಿರ್ಲಿ, ನೇರ ಇದ್ರೆ ಕಾಫಿ ಬೇರಿಗೆ ಚುಚ್ಚುತ್ತೆ.

ತೀರ್ಥಹಳ್ಳಿ ಆಟೋ ಎಲೆಕ್ಟ್ರಿಕ್:
40 ಆಂಪಿಯರ್ ಫ್ಯೂಸ್, ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೇ. ಲೋಡರ್ ಆರ್ಮ್ ಮಡಚೋ ಜಾಗದಲ್ಲಿ ವಯರ್ ಉಜ್ಜಿ ಸಿಪ್ಪೆ ಹೋದ್ರೆ ಆ ಫ್ಯೂಸ್ ಒಂದೇ ಗಾಡಿ ಉಳಿಸೋದು.