ಬ್ಯಾಡಗಿ ಮೆಣಸಿನಕಾಯಿ ರೈಲಲ್ಲಿ ಕಳಿಸಿದವರು ಯಾರಾದ್ರೂ ಇದ್ದೀರಾ?

ಬ್ಯಾಡಗಿಯಲ್ಲಿ ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಸೀಸನ್‌ನಲ್ಲಿ ವಾರಕ್ಕೆ ಎರಡು ಲಾರಿ ಮಾಲು ದಿಲ್ಲಿಗೆ ಹೋಗುತ್ತದೆ. ಫೆಬ್ರವರಿ ಬಂತೆಂದರೆ ಲಾರಿ ಬಾಡಿಗೆ ಕೈಗೆ ಸಿಗುವುದಿಲ್ಲ. ಮಾಲು ಕೊಳ್ಳುವವರೊಬ್ಬರು ಈ ಸಲ ಡೀಸೆಲ್ ಹೊಗೆಯ ಲೆಕ್ಕವನ್ನೂ ಕೇಳಿದರು! ರೈಲಿಗೆ ಹಾಕೋಣ ಅಂತ ಮಗನ ಹಟ. ಅನುಭವ ಇದ್ದವರು ಹೇಳಿ.

ಹಾವೇರಿಯಿಂದ, ಗೋವಿನಜೋಳದ ವ್ಯಾಪಾರಿ:
ಅಣ್ಣಾ, ಪೂರ್ತಿ ರೇಕ್, ಅಂದ್ರೆ ಇಡೀ ಗೂಡ್ಸ್ ರೈಲು, ಹಿಡಿಯೋಕೆ ಹೋಗಬೇಡಿ. ನಾವು ನಾಲ್ಕು ಜನ ಸೇರಿ ಒಮ್ಮೆ ಹಿಡಿದಿದ್ದೆವು. ನಲವತ್ತು ಚಿಲ್ಲರೆ ಡಬ್ಬಿ, ಸುಮಾರು ಎರಡೂವರೆ ಸಾವಿರ ಟನ್. ಮಧ್ಯಾಹ್ನ ಬರಬೇಕಾದ ರೇಕ್ ಬಂದದ್ದು ರಾತ್ರಿ ಎರಡಕ್ಕೆ. ಹಮಾಲರು ಕಾದು ಕಾದು ಮನೆಗೆ ಹೋಗಿದ್ದರು. ಅವರ ಮುಖಂಡನ ಮನೆ ಬಾಗಿಲು ಬಡಿದು ಎಬ್ಬಿಸಿದೆ. ಆತ ಲುಂಗಿ ಕಟ್ಟುತ್ತಲೇ ಹೊರಗೆ ಬಂದು, "ಸಾಹುಕಾರ್ರೇ, ಡಬಲ್ ಕೂಲಿ" ಅಂದ. ಕೊಟ್ಟೆವು. ಆದರೂ ತುಂಬುವ ಹೊತ್ತು ಮೀರಿತು, ಡೆಮರೇಜ್ ಬಿತ್ತು. ಶೆಡ್ಡಿನಲ್ಲಿ ಉಳಿದ ಚೀಲಕ್ಕೆ ವಾರ್ಫೇಜ್ ಬೇರೆ. ವ್ಯಾಗನ್ ತಡೆದಿದ್ದಕ್ಕೆ ಡೆಮರೇಜ್, ಮಾಲು ಬಿಟ್ಟಿದ್ದಕ್ಕೆ ವಾರ್ಫೇಜ್. ಎರಡೂ ಬೇರೆ ಬೇರೆ ಅಂತ ಬಿಲ್ ನೋಡಿದ ಮೇಲೇ ನನಗೆ ಗೊತ್ತಾಗಿದ್ದು.

ಈಗಲೂ ರೈಲಿಗೇ ಹಾಕುತ್ತೇವೆ, ಸುಳ್ಳು ಯಾಕೆ ಹೇಳಲಿ. ಆದರೆ ಹಮಾಲರಿಗೆ ಮೊದಲೇ ಮುಂಗಡ ಕೊಟ್ಟು, ತಾಡಪಾಲು ಇಟ್ಟುಕೊಂಡೇ ಇಂಡೆಂಟ್ (ರೈಲ್ವೆಗೆ ವ್ಯಾಗನ್ ಬೇಡಿಕೆ) ಹಾಕುವುದು.

ಹುಬ್ಬಳ್ಳಿಯಿಂದ, ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ:
ನಿಮಗೆ ಬೇಕಾದದ್ದು ಪಾರ್ಸೆಲ್ ವ್ಯಾನ್, ಅಂದರೆ ಪಾರ್ಸೆಲ್ ಸಾಗಿಸುವ ಒಂದು ರೈಲು ಡಬ್ಬಿ. ಒಂದಕ್ಕೆ 23 ಟನ್ ಲೆಕ್ಕ. 2020ರ ಜುಲೈನಲ್ಲಿ ಗುಂಟೂರು ಬಳಿಯ ರೆಡ್ಡಿಪಾಲೆಂನಿಂದ ಬಾಂಗ್ಲಾದೇಶದ ಬೆನಾಪೋಲ್‌ಗೆ 16 ವ್ಯಾನಿನಲ್ಲಿ ಒಣಮೆಣಸಿನಕಾಯಿ ಹೋಯಿತು. ಆಗ ರೈಲ್ವೆ ಕೊಟ್ಟ ಲೆಕ್ಕ: ಟನ್ನಿಗೆ 4,608 ರೂಪಾಯಿ, ರಸ್ತೆಯಲ್ಲಾದರೆ ಸುಮಾರು 7,000. ಗುಂಟೂರಿನ ವ್ಯಾಪಾರಿಗಳಿಗೂ ಪೂರ್ತಿ ಗೂಡ್ಸ್ ರೈಲು ತುಂಬಿಸುವುದು ಕಷ್ಟವೇ ಆಗಿತ್ತು.

ಆದರೆ ನಿಮ್ಮ ಮಾಲು ಹಗುರ. ತೂಕ ತುಂಬುವ ಮೊದಲೇ ಜಾಗ ತುಂಬುತ್ತದೆ, ದುಡ್ಡು ಮಾತ್ರ ಪೂರ್ತಿ ವ್ಯಾನಿನದು. ಹಾಗಾಗಿ ಕ್ವಿಂಟಲ್‌ಗೆ ಎಷ್ಟು ಬಿತ್ತು ಅಂತ ನಿಮ್ಮ ಚೀಲ ಎಣಿಸಿಯೇ ಲೆಕ್ಕ ಹಾಕಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ ಅಲ್ವಾ? ಸರಕು ಸಾಗಣೆ ಹೆಚ್ಚಿಸಲೆಂದೇ ಬಿಸಿನೆಸ್ ಡೆವಲಪ್‌ಮೆಂಟ್ ಯೂನಿಟ್ ಮಾಡಿದ್ದಾರೆ. ಫೋನ್ ಬಿಟ್ಟು ಖುದ್ದಾಗಿ ಹೋಗಿ. ಜೊತೆಗೆ ಇನ್ನಿಬ್ಬರು ವ್ಯಾಪಾರಿಗಳನ್ನು ಕರೆದೊಯ್ದರೆ ಮಾತಿಗೆ ತೂಕ ಬರುತ್ತದೆ.

ರಾಣೆಬೆನ್ನೂರಿನಿಂದ, ಎರಡು ಲಾರಿ ಇಟ್ಟವನು:
ದಿಲ್ಲಿ ಬಾಡಿಗೆ ಹೋದರೆ ನನಗೇನೂ ಬೇಜಾರಿಲ್ಲ. ಗೋದಾಮಿನಿಂದ ಸ್ಟೇಷನ್‌ಗೆ ಚೀಲ ಒಯ್ಯೋಕೆ ಲಾರಿ ಬೇಕೇ ಬೇಕು. ದಿನಕ್ಕೆ ನಾಲ್ಕು ಟ್ರಿಪ್ ಸಿಕ್ಕರೆ ಡ್ರೈವರ್ ರಾತ್ರಿ ಮನೆಯಲ್ಲಿ ಮಲಗುತ್ತಾನೆ. ಸುಮ್ನೆ ರೇಟ್ ಚೌಕಾಸಿ ಜಾಸ್ತಿ ಮಾಡಬೇಡಿ, ಅಷ್ಟೇ.

ಕೇಳಿದವನು:
ಎಲ್ಲರಿಗೂ ಧನ್ಯವಾದ. ಒಂದು ವ್ಯಾನ್ ನೋಡುತ್ತೇನೆ. ದಿಲ್ಲಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಗೋದಾಮಿಗೆ ಮುಟ್ಟಿಸುವವರು ಯಾರಾದರೂ ಗೊತ್ತಾ? ಅದೊಂದೇ ಉಳಿದಿದೆ.